ಊರಿನ ದಾರಿಯ ಎರಡು ಕಾರುಗಳು

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಕಾರೆಂದರೆ ಮೊದಲು ನೆನಪಾಗುವುದು ಊರಿನ ದಾರಿ: ಕಾತ್ರಜ, ಖಂಬಾಟಕಿ ಘಟ್ಟ, ಸಾತಾರಾ, ಕೊಲ್ಹಾಪುರ. ನಿಪ್ಪಾಣಿ ಬಂತೆಂದರೆ ಮನೆ ತಲುಪಿದಂತೆಯೇ. ಈ ದಾರಿಯಲ್ಲಿ ನಮ್ಮ ಸಂಸಾರಗಳನ್ನು ಹೊತ್ತ ಪ್ರೀಮಿಯರ್ ಪದ್ಮಿನಿ ಮತ್ತು ಮಾರುತಿ 800 ಎರಡು ಕಾಲಗಳ ಗುರುತುಗಳು.

ಮೊದಲನೆಯದರ ಕಥೆಗೆ ನಮ್ಮ ನಾಡಿನ ನಂಟೂ ಉಂಟು. ಪುಣೆಯಲ್ಲೇ ಎಂಜಿನಿಯರಿಂಗ್ ಕಲಿತ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ, ಮೋಟಾರು ಕಾರು ನಮ್ಮ ದೇಶದಲ್ಲೇ ತಯಾರಾಗಬೇಕೆಂದು ಪಣತೊಟ್ಟರು. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ ಹೀರಾಚಂದರು ಕೈಜೋಡಿಸಿದರು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಕಟ್ಟುವ ಯೋಚನೆಯೂ ನಡೆಯಿತು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. 1940ರಲ್ಲಿ ಬೆಂಗಳೂರಿಗೆ ದಕ್ಕಿದ್ದು ವಿಮಾನದ ಕಾರ್ಖಾನೆ, ಅದೇ ಇಂದಿನ ಎಚ್.ಎ.ಎಲ್. ಕಾರಿನ ಕಂಪನಿ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯ ಪಾಲಾಯಿತು.

ಅಲ್ಲಿನ ಕುರ್ಲಾದಲ್ಲಿ ತಯಾರಾದ ಇಟಲಿಯ ಫಿಯೆಟ್ 1100 ಮಾದರಿಯೇ 1970ರ ದಶಕದಲ್ಲಿ 'ಪದ್ಮಿನಿ' ಆಯಿತು. ಜನ ಮಾತ್ರ ಕೊನೆಯವರೆಗೂ ಫಿಯೆಟ್ ಎಂದೇ ಕರೆದರು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನು ಮುಂದೆ, ಅದರ ಬಲ ಉದ್ದನೆಯ ಶಾಫ್ಟಿನ ಮೂಲಕ ಹಿಂದಿನ ಗಾಲಿಗಳಿಗೆ. ಆ ಶಾಫ್ಟಿಗಾಗಿ ನೆಲದ ನಡುವೆ ಒಂದು ಉಬ್ಬು. ಸ್ಟಿಯರಿಂಗ್ ಬಳಿಯೇ ಗೇರು ಇದ್ದುದರಿಂದ ಮುಂದೆ ಮೂವರು ಕೂಡಬಹುದಿತ್ತು. ಘಟ್ಟ ಏರುವಾಗ ಜನ, ಟ್ರಂಕು, ಹಾಸಿಗೆ ಸುರುಳಿಗಳ ಭಾರವೆಲ್ಲ ಹಿಂದಕ್ಕೆ ಸರಿದು, ನೂಕುವ ಗಾಲಿಗಳನ್ನೇ ನೆಲಕ್ಕೆ ಒತ್ತುತ್ತಿತ್ತು. ತುಂಬಿದ ಕಾರಿಗೆ ಅದೇ ಅನುಕೂಲ. ಆದರೆ ಲೈಸೆನ್ಸುಗಳ ಆ ಕಾಲದಲ್ಲಿ ಕಾರು ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿಯ ಕೀಲಿಕೈಯನ್ನು ಗ್ರಾಹಕರಿಗೆ ಒಪ್ಪಿಸಿದರು. ಜಪಾನಿನ ಸುಜುಕಿಯ ವಿನ್ಯಾಸ, 796 ಸಿ.ಸಿ., ಮೂರೇ ಸಿಲಿಂಡರು. ಎಂಜಿನು ಅಡ್ಡಲಾಗಿ ಕುಳಿತು ಮುಂದಿನ ಗಾಲಿಗಳನ್ನೇ ತಿರುಗಿಸುತ್ತಿತ್ತು. ಉದ್ದನೆಯ ಶಾಫ್ಟು ಇಲ್ಲದ್ದರಿಂದ ಪುಟ್ಟ ಕಾರಿನೊಳಗೂ ಕಾಲಿಗೆ ಜಾಗ ಸಿಕ್ಕಿತು, ತೂಕ ಇಳಿಯಿತು, ಪೆಟ್ರೋಲು ಉಳಿಯಿತು. ಎಂಜಿನ್ನಿನ ಭಾರ ಎಳೆಯುವ ಗಾಲಿಗಳ ಮೇಲೆಯೇ ಇದ್ದುದರಿಂದ ಮಳೆಗಾಲದ ರಸ್ತೆಯಲ್ಲಿ ಹಿಡಿತ ಚೆನ್ನಾಗಿತ್ತು. ಮಿತಿಮೀರಿ ಹೇರಿ ಘಟ್ಟ ಹತ್ತಿಸಿದಾಗ ಮಾತ್ರ ಮುಂಭಾಗ ಹಗುರಾಗಿ ಆ ಹಿಡಿತ ಕುಗ್ಗುತ್ತಿತ್ತು.

ಯಾವುದು ಮೇಲು? ಅವಿಭಕ್ತ ಕುಟುಂಬಕ್ಕೆ ಫಿಯೆಟ್, ಗಂಡ ಹೆಂಡತಿ ಮತ್ತು ಎರಡು ಮಕ್ಕಳಿಗೆ ಮಾರುತಿ ಎಂದು ನಾವು ಹೇಳುತ್ತೇವೆ. ಕಾರಿನೊಡನೆ ನಮ್ಮ ಮನೆಗಳೂ ಚಿಕ್ಕದಾದವು. ಊರಿಗೆ ಹೋಗುವಾಗ ಅಜ್ಜಿಗೆ ಜಾಗವಿಲ್ಲದಾಯಿತು.

ಎರಡೂ ಈಗ ಇತಿಹಾಸ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ವಿದಾಯ ಹೇಳಿದವು. ಒಂದು ಇಟಲಿಯ ಕೂಸು, ಒಂದು ಜಪಾನಿನದು. ವಿಶ್ವೇಶ್ವರಯ್ಯನವರು ಬಯಸಿದ ಸ್ವದೇಶಿ ಕಾರು ಇವೆರಡರಲ್ಲಿ ಯಾವುದೂ ಅಲ್ಲ. ಭಾರತೀಯ ಕಂಪನಿಯೊಂದು ತಾನೇ ಹೊಣೆಹೊತ್ತು ರೂಪಿಸಿದ ಟಾಟಾ ಇಂಡಿಕಾ 1998ರಲ್ಲಿ ಹೊರಬಂತು, ನಮ್ಮ ಪಿಂಪ್ರಿಯಿಂದ. ಅವರು ವಿದ್ಯೆ ಕಲಿತ ಊರಿನ ಮಗ್ಗುಲಲ್ಲೇ ಆ ಕನಸು ಕಣ್ಣು ಬಿಟ್ಟಿತೆಂಬುದು ನಮಗೆ ಸಮಾಧಾನದ ಸಂಗತಿ.