ಹಸಿರು ಮಣಿ, ಕೆಂಪು ಮಣಿ

ಉಜಿರೆ ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಇಪ್ಪತ್ತೆಂಟು ಮಣಿ ಎಣಿಸಿ ತೆಗೆದುಕೊಂಡೆ. ಹದಿನೆಂಟು ಹಸಿರು, ಹತ್ತು ಕೆಂಪು. ಮನೆಗೆ ಬಂದು ದಪ್ಪ ನೂಲಿಗೆ ಪೋಣಿಸಿ, ತುದಿಗೆ ಗಂಟು ಹಾಕಿ ಮೇಜಿನ ಮೇಲಿಟ್ಟೆ. ಚಿಕ್ಕಮ್ಮ ಎಲೆಯಡಿಕೆ ತಟ್ಟೆಯನ್ನು ಬದಿಗಿಟ್ಟು ಸರವನ್ನು ಎತ್ತಿ ನೋಡಿದರು.

“ಎಂತದು ಇದು? ಮಕ್ಕಳಿಗಾ?”

“ಅಲ್ಲ ಚಿಕ್ಕಮ್ಮ, ದೊಡ್ಡವರಿಗೆ. ಬೇಡದಾಗ ಬಸುರಿ ಆಗದೆ ಇರಲಿಕ್ಕೆ ಹಿಂದೆ ಸರ್ಕಾರದವರು ಕೊಟ್ಟದ್ದು ಹೆಚ್ಚು ಕಡಿಮೆ ಹೀಗೇ ಇತ್ತಂತೆ.”

ಅವರು ಮಣಿಗಳನ್ನು ಒಂದೊಂದಾಗಿ ಬೆರಳಲ್ಲಿ ಸರಿಸುತ್ತಾ ಹೋದರು. ಮುಟ್ಟಾದ ದಿನದಿಂದ ದಿನಕ್ಕೊಂದು ಮಣಿ ಸರಿಸಬೇಕು, ಹಸಿರು ಬಂದ ದಿನ ಭಯವಿಲ್ಲ, ಕೆಂಪು ಬಂದ ದಿನ ಗಂಡ ಹೆಂಡತಿ ದೂರ ಇರಬೇಕು ಎಂದು ವಿವರಿಸಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಕೆಂಪು ಮಣಿ ಹೆಂಗಸಿಗೆ ಕಾಣ್ತದೆ. ಗಂಡಸಿಗೆ ಕಾಣುವುದುಂಟಾ?”

ಈ ಸರದ ಹಿಂದೆ ಬಿದ್ದು ವರ್ಷವೇ ಆಗಿತ್ತು. ಕಡತ, ವರದಿ, ಪುಸ್ತಕ ಎಂದು ಎಷ್ಟೋ ತಿರುವಿ ಹಾಕಿದ್ದೆ. ಈ ಪ್ರಶ್ನೆ ಮಾತ್ರ ಎಲ್ಲಿಯೂ ಸಿಕ್ಕಿರಲಿಲ್ಲ.

ನಾನು ಮೊದಲು ಹುಡುಕಲು ಹೊರಟದ್ದು ಮಣಿಸರವನ್ನಲ್ಲ. ಸಂತಾನ ನಿಯಂತ್ರಣಕ್ಕೆ ಮೈಸೂರು ಸಂಸ್ಥಾನ 1930ರಲ್ಲಿ ಹೊರಡಿಸಿದ ಆದೇಶವನ್ನು. ಜೂನ್ 11, 1930. ಕೃಷ್ಣರಾಜ ಒಡೆಯರು ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಸರ್ಕಾರಿ ಆಸ್ಪತ್ರೆಯಲ್ಲೇ ಸಂತಾನ ನಿಯಂತ್ರಣದ ಸಲಹೆ ಕೊಡುವ ಚಿಕಿತ್ಸಾಲಯಕ್ಕೆ ಅಂದು ಒಪ್ಪಿಗೆ ಸಿಕ್ಕಿತು. ಒಂದು ಸರ್ಕಾರ ತಾನೇ ಮುಂದೆ ನಿಂತು ಇಂಥದ್ದನ್ನು ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಕುಟುಂಬ ಯೋಜನೆಯ ಇತಿಹಾಸ ಬರೆದವರು ಹೇಳುತ್ತಾರೆ. ಆಗ ಉಜಿರೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಮುಟ್ಟಿದರೆ ಮೈಸೂರು ರಾಜ್ಯ. ಘಾಟಿಯ ಮೇಲಿನ ಹೆಣ್ಣಿಗೆ ಒಂದು ಸರ್ಕಾರ, ಕೆಳಗಿನ ಹೆಣ್ಣಿಗೆ ಇನ್ನೊಂದು.

ಅದೇ ವರ್ಷದ ಇನ್ನೆರಡು ದಿನಾಂಕಗಳನ್ನು ಪಕ್ಕದಲ್ಲಿ ಬರೆದುಕೊಂಡಾಗ ನನ್ನ ಹುಡುಕಾಟದ ದಾರಿಯೇ ಬದಲಾಯಿತು. ಆಗಸ್ಟ್‌ನಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಬಿಷಪ್ಪರು, ಕೆಲವು ಸಂದರ್ಭಗಳಲ್ಲಿ ಗರ್ಭನಿರೋಧ ಬಳಸಬಹುದು ಎಂದು ಮೊದಲ ಬಾರಿಗೆ ಒಪ್ಪಿದರು. ಡಿಸೆಂಬರ್ 31ರಂದು ರೋಮಿನ ಹನ್ನೊಂದನೆಯ ಪಯಸ್ ಪೋಪರು ವಿಶ್ವಪತ್ರ ಹೊರಡಿಸಿ, ಕೃತಕ ಗರ್ಭನಿರೋಧ ಪಾಪವೆಂದು ಸಾರಿದರು. ಒಂದೇ ವರ್ಷದಲ್ಲಿ ಒಬ್ಬ ಹಿಂದೂ ಮಹಾರಾಜರ ಸರ್ಕಾರ, ಒಂದು ಪ್ರೊಟೆಸ್ಟೆಂಟ್ ಸಭೆ, ಒಬ್ಬ ಪೋಪ್ ಹೆಣ್ಣಿನ ಬಸಿರಿನ ಬಗ್ಗೆ ತೀರ್ಮಾನ ಹೇಳಿದರು. ಮೂರೂ ಕಡೆ ತೀರ್ಮಾನಿಸಿದವರು ಗಂಡಸರು.

ಮುಂದಿನ ಎಳೆ ಸಿಕ್ಕಿದ್ದು ವಾರ್ಧಾದಲ್ಲಿ. 1935ರ ಡಿಸೆಂಬರಿನಲ್ಲಿ ಅಮೆರಿಕದ ಸಂತಾನ ನಿಯಂತ್ರಣ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್ ಗಾಂಧೀಜಿಯನ್ನು ಕಾಣಲು ಅಲ್ಲಿಗೆ ಬಂದರು. ಗರ್ಭನಿರೋಧದ ಸಾಧನಗಳನ್ನು ಗಾಂಧೀಜಿ ಒಪ್ಪಲಿಲ್ಲ. ಅವರದು ಬ್ರಹ್ಮಚರ್ಯದ ದಾರಿ. ಆದರೆ ತಿಂಗಳ ಕೆಲವು ದಿನ ದೂರ ಇರುವ ‘ಸುರಕ್ಷಿತ ದಿನ’ದ ವಿಧಾನಕ್ಕೆ ಅವರ ವಿರೋಧ ಅಷ್ಟು ಗಟ್ಟಿಯಾಗಿರಲಿಲ್ಲ. ಅದರಲ್ಲಿ ಸ್ವಲ್ಪವಾದರೂ ಸಂಯಮವಿದೆ ಎಂಬುದು ಅವರ ಎಣಿಕೆ. ಗಾಂಧೀಜಿಯ ಬಳಿ ಬಹುಕಾಲ ಕಾರ್ಯದರ್ಶಿಯಾಗಿದ್ದ ರಾಜಕುಮಾರಿ ಅಮೃತ್ ಕೌರ್ 1947ರಲ್ಲಿ ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿಯಾದಾಗ, ಆ ಎಣಿಕೆ ಆಶ್ರಮದಿಂದ ದೆಹಲಿಯ ಸಚಿವಾಲಯಕ್ಕೆ ಬಂತು.

ಅವರಿಗೆ ಎದುರು ನಿಂತವರು ನಮ್ಮ ಕಡೆಯವರು ಎಂದು ಗೊತ್ತಾದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಧನ್ವಂತಿ ರಾಮರಾವ್ 1893ರಲ್ಲಿ ಹುಬ್ಬಳ್ಳಿಯಲ್ಲಿ ಕಾಶ್ಮೀರಿ ಪಂಡಿತರ ಮನೆಯಲ್ಲಿ ಹುಟ್ಟಿದವರು. ಮದುವೆಯಾದದ್ದು ದಕ್ಷಿಣ ಕನ್ನಡದ ಬೆನಗಲ್ ಮನೆತನದ ರಾಮರಾಯರನ್ನು, ಅಂದರೆ ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗರಾಯರ ತಮ್ಮನನ್ನು. ಗಂಡ ರಿಸರ್ವ್ ಬ್ಯಾಂಕಿನ ಗವರ್ನರ್ ಆದ 1949ರಲ್ಲೇ ಹೆಂಡತಿ ಮುಂಬಯಿಯಲ್ಲಿ ಭಾರತದ ಕುಟುಂಬ ಯೋಜನಾ ಸಂಘ ಕಟ್ಟಿದರು. ಮೇಲಿಂದ ಮೇಲೆ ಹೆತ್ತು ಬಸವಳಿದ ಹೆಂಗಸರನ್ನು ಮುಂಬಯಿಯ ಬಡವರ ಕೇರಿಗಳಲ್ಲಿ ಕಂಡವರು ಅವರು. ಇಂಥವರಿಗೆ ಸಂಯಮದ ಉಪದೇಶ ಸಾಲದು, ಕೈಗೆ ಒಂದು ಸಾಧನ ಬೇಕು ಎಂದು ಪಟ್ಟು ಹಿಡಿದರು. ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ತೆಗೆದಿಟ್ಟಿತು. ದುಡ್ಡು ಬಂತು, ಯಾವ ವಿಧಾನ ಎಂಬುದು ಮಾತ್ರ ಮಂತ್ರಿಯ ಮೇಜಿನ ಮೇಲೇ ಉಳಿಯಿತು.

1951ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯನ್ನು ಕೇಳಿಕೊಂಡದ್ದು ‘ಸುರಕ್ಷಿತ ದಿನ’ದ ವಿಧಾನಕ್ಕೆ ಒಬ್ಬ ತಜ್ಞರನ್ನು. ನ್ಯೂಯಾರ್ಕಿನಿಂದ ಬಂದ ಡಾಕ್ಟರ್ ಅಬ್ರಹಾಂ ಸ್ಟೋನ್ ತಮ್ಮ ಊರಿನಲ್ಲಿ ಗರ್ಭನಿರೋಧದ ಎಲ್ಲ ವಿಧಾನಗಳನ್ನೂ ಹೇಳಿಕೊಡುತ್ತಿದ್ದವರು. ಇಲ್ಲಿ ಅವರಿಗೆ ಸಿಕ್ಕ ಅನುಮತಿ ಒಂದಕ್ಕೇ. ಅದೇ ವರ್ಷ ಅಕ್ಟೋಬರ್ 29ರಂದು ಹನ್ನೆರಡನೆಯ ಪಯಸ್ ಪೋಪರು ಇಟಲಿಯ ಸೂಲಗಿತ್ತಿಯರ ಮುಂದೆ ಮಾತಾಡುತ್ತಾ, ಬಲವಾದ ಕಾರಣವಿದ್ದರೆ ಕ್ಯಾಥೊಲಿಕ್ ದಂಪತಿಗಳು ಸುರಕ್ಷಿತ ದಿನಗಳನ್ನು ನೋಡಿಕೊಳ್ಳಬಹುದು ಎಂದಿದ್ದರು. ಇವೆರಡನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಮಣಿಸರದ ಗುಟ್ಟು ಬಿಚ್ಚಿಕೊಂಡಿತು. ಆ ವಿಧಾನ ಹೆಂಗಸರು ಕೇಳಿದ್ದಲ್ಲ. ವೈದ್ಯರು ಇದೇ ಉತ್ತಮವೆಂದು ಆರಿಸಿದ್ದೂ ಅಲ್ಲ. ಗಾಂಧಿಯನ್ನು ನಂಬಿದ ಮಂತ್ರಿಗೂ ಪೋಪರನ್ನು ನಂಬಿದ ದೇಶಗಳಿಗೂ ಒಟ್ಟಿಗೆ ಒಪ್ಪಿಗೆಯಾಗುವಂಥದ್ದು ಅದೊಂದೇ ಇತ್ತು. ದೊಡ್ಡವರ ನಡುವಿನ ರಾಜಿ ಹಸಿರು ಕೆಂಪು ಮಣಿಗಳಾಗಿ ಹೆಂಗಸರ ಕೈಗೆ ಬಂತು.

ಈ ವಿಧಾನದ ಪ್ರಯೋಗಕ್ಕೆ ಆರಿಸಿದ್ದು ಎರಡು ಜಾಗ. ದೆಹಲಿಯಲ್ಲಿ ಸರ್ಕಾರಿ ನೌಕರರು ವಾಸವಿದ್ದ ಲೋಧಿ ಕಾಲೊನಿ. ಹಳ್ಳಿಗಾಡಿಗೆ ಮಾದರಿಯಾಗಿ ಮೈಸೂರು ರಾಜ್ಯದ ರಾಮನಗರ, ಹಿಂದಿನ ಕ್ಲೋಸ್‌ಪೇಟೆ. ಅಲ್ಲಿ ಮೊದಲೇ ಆರೋಗ್ಯ ಕೇಂದ್ರವಿತ್ತು. ಓದು ಬಾರದವರು ತಾರೀಖು ಲೆಕ್ಕ ಇಡುವುದು ಹೇಗೆ ಎಂಬ ಚಿಂತೆಗೆ ಸ್ಟೋನ್ ಕಂಡುಕೊಂಡ ಉಪಾಯವೇ ಮಣಿಸರ.

ವಿಚಾರಿಸಲು ಹೋದವರಿಗೆ ಸಿಕ್ಕ ಮೊದಲ ಉತ್ತರವೇ ದೊಡ್ಡದು. ಬಹಳ ಜನ ಹೆಂಗಸರು ಕಲಿಯುತ್ತೇವೆ ಎಂದರು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ವಿಶ್ವಸಂಸ್ಥೆ ಮೈಸೂರು ರಾಜ್ಯದಲ್ಲಿ ನಡೆಸಿದ ಜನಸಂಖ್ಯಾ ಅಧ್ಯಯನದಲ್ಲೂ, ಇನ್ನು ಮಕ್ಕಳು ಸಾಕು ಎಂದ ತಾಯಂದಿರು ಕಡಿಮೆಯಿರಲಿಲ್ಲ. ‘ನಮ್ಮ ಹಳ್ಳಿಯ ಹೆಂಗಸರಿಗೆ ಇದೆಲ್ಲ ಬೇಡ’ ಎಂದು ಮಾತಾಡುವವರಿಗೆ 1952ರಲ್ಲೇ ಉತ್ತರ ಸಿಕ್ಕಿತ್ತು. ಆದರೆ ಆಸೆಯಿಂದ ಬಂದವರಲ್ಲಿ ಸರದ ಲೆಕ್ಕವನ್ನು ಕೊನೆಯತನಕ ಹಿಡಿದು ಹೋದವರು ತೀರ ಸ್ವಲ್ಪ ಮಂದಿ. ವರದಿಗಳು ಅದಕ್ಕೆ ಕಾರಣ ಹುಡುಕಿದ್ದು ಹೆಚ್ಚಾಗಿ ಹೆಂಗಸಿನಲ್ಲೇ: ತಿಳಿವಳಿಕೆ ಸಾಲದು, ಮರೆಯುತ್ತಾಳೆ, ಮಣಿ ಸರಿಸಿದರೆ ಸಾಕೆಂದು ತಿಳಿಯುತ್ತಾಳೆ.

ನನ್ನ ಪೇಟೆಯ ಸರವನ್ನು ನಾನೇ ಒಂದು ತಿಂಗಳು ಇಟ್ಟುಕೊಂಡು ನೋಡಿದೆ. ಎಂಎ ಓದಿದವಳು, ದಿನಾಂಕಗಳ ಹಿಂದೆಯೇ ಬದುಕುವವಳು. ಆರನೆಯ ದಿನ ಮಣಿ ಸರಿಸಲು ಮರೆತೆ. ಮರುದಿನ ಎರಡು ಸರಿಸಿದೆ, ಆಮೇಲೆ ಎರಡೇ ಹೌದೋ ಒಂದೋ ಎಂದು ಅನುಮಾನ ಬಂತು. ಕರೆಂಟು ಹೋದ ಒಂದು ರಾತ್ರಿ ಸರವನ್ನು ಕೈಯಲ್ಲಿ ಹಿಡಿದು ಕೂತೆ. ಬೆರಳಿಗೆ ಎಲ್ಲ ಮಣಿಯೂ ಒಂದೇ; ಹಸಿರು ಯಾವುದು, ಕೆಂಪು ಯಾವುದು ತಿಳಿಯಲಿಲ್ಲ. 1952ರ ಹಳ್ಳಿಮನೆಯಲ್ಲಿ ಚಿಮಣಿ ಬುಡ್ಡಿ ಆರಿಸಿದ ಮೇಲೆ ಎಲ್ಲ ರಾತ್ರಿಯೂ ಹೀಗೇ ಇದ್ದಿರಬೇಕಲ್ಲ. ಇಪ್ಪತ್ತೆಂಟನೆಯ ಮಣಿ ಮುಗಿದರೂ ನನ್ನ ತಿಂಗಳು ಮುಗಿಯಲಿಲ್ಲ, ಮೂರು ದಿನ ಮುಂದೆ ಹೋಯಿತು. ಮೊಲೆಯೂಡಿಸುವ ಬಾಣಂತಿಗೆ ತಿಂಗಳುಗಟ್ಟಲೆ ಮುಟ್ಟೇ ಇರುವುದಿಲ್ಲ. ಅವಳು ಯಾವ ಮಣಿಯಿಂದ ಎಣಿಕೆ ಶುರು ಮಾಡಬೇಕಿತ್ತು? ಚಿಕ್ಕಮ್ಮ ಇನ್ನೂ ಒಂದು ಹೇಳಿದರು: “ಇದನ್ನು ಕುತ್ತಿಗೆಗೆ ಹಾಕಿಕೊಂಡು ತೋಟಕ್ಕೆ ಹೋದ್ರೆ ನಮ್ಮ ದಿನ ಯಾವುದು ಅಂತ ಊರಿಗೇ ಗೊತ್ತಾಗ್ತದೆ ಮಾರಾಯ್ತಿ.”

ಆ ಮಾತು ಬಂದದ್ದು ಕೆಡ್ಡಸದ ಹೊತ್ತಿಗೆ. ಫೆಬ್ರವರಿಯಲ್ಲಿ ತುಳುನಾಡಿನ ಭೂಮಿ ಮೂರು ದಿನ ಮುಟ್ಟಾಗುತ್ತಾಳೆ. ಉಳುವಂತಿಲ್ಲ, ಅಗೆಯುವಂತಿಲ್ಲ, ಹಸಿ ಕಡಿಯುವಂತಿಲ್ಲ. ಕೊನೆಯ ದಿನ ಚಿಕ್ಕಮ್ಮ ಅಂಗಳದ ಮೂಲೆಯಲ್ಲಿ ನೆಲಕ್ಕೆ ಎಣ್ಣೆ ಬಿಟ್ಟು, ಅರಶಿನ ಕುಂಕುಮ ಇಟ್ಟು ಕೈಮುಗಿದರು. ಊರಿನ ಗಂಡಸರೆಲ್ಲ ನೇಗಿಲು, ಹಾರೆ, ಕತ್ತಿ ಬದಿಗಿಟ್ಟು ಒಪ್ಪಿಕೊಳ್ಳುವ ದಿನಗಳು ಅವು. ಭೂಮಿಯ ಮೂರು ದಿನವನ್ನು ಊರೇ ಕಾಯುತ್ತದೆ. ಹೆಂಡತಿಯ ಕೆಂಪು ಮಣಿಯ ದಿನಗಳನ್ನು ಕಾಯುವ ಹೊಣೆಯನ್ನು ಸರ್ಕಾರ ಅವಳೊಬ್ಬಳಿಗೇ ಕೊಟ್ಟಿತ್ತು.

ಜಿನೀವಾದ ಕಥೆ ಓದಿದ್ದು ಆಮೇಲೆ. 1952ರ ಮೇ ತಿಂಗಳು, ಐದನೆಯ ವಿಶ್ವ ಆರೋಗ್ಯ ಸಮ್ಮೇಳನ. ಜನಸಂಖ್ಯೆಯ ಆರೋಗ್ಯ ಮುಖವನ್ನು ಪರಿಶೀಲಿಸಲು ತಜ್ಞರ ಸಮಿತಿ ಬೇಕೆಂದು ನಾರ್ವೆಯ ಕಾರ್ಲ್ ಇವಾಂಗ್ ಎದ್ದು ನಿಂತರು, ಸಿಲೋನ್ ಜೊತೆಗೂಡಿತು. ಭಾರತಕ್ಕೆ ಒಬ್ಬ ತಜ್ಞರನ್ನು ಕಳಿಸಿದ್ದೇ ತಪ್ಪು ಎಂಬಂತೆ ಕ್ಯಾಥೊಲಿಕ್ ದೇಶಗಳು ತಿರುಗಿಬಿದ್ದವು. ಸಂಸ್ಥೆಯನ್ನೇ ಬಿಟ್ಟು ಹೋಗುವ ಬೆದರಿಕೆಯ ತನಕ ಮಾತು ಬೆಳೆದು, ಪ್ರಸ್ತಾಪ ಮತಕ್ಕೆ ಬರದೆ ಬಿದ್ದುಹೋಯಿತು. ಪೋಪರೇ ಒಪ್ಪಿದ ವಿಧಾನಕ್ಕೆ ಬಂದ ವಿರೋಧ ಇದು. ಆಮೇಲೆ 1965ರ ತನಕ ಆ ಸಂಸ್ಥೆ ಈ ವಿಷಯಕ್ಕೆ ಅಧಿಕೃತವಾಗಿ ಕೈಹಾಕಲಿಲ್ಲ. ನಮ್ಮಲ್ಲಿ ಸರ್ಕಾರ ಅಷ್ಟರೊಳಗೆ ಇನ್ನೊಂದು ತುದಿಗೆ ಹೊರಳತೊಡಗಿತ್ತು: ಗುರಿ, ಲೆಕ್ಕ, ಶಿಬಿರ, ಕಡೆಗೆ ತುರ್ತುಪರಿಸ್ಥಿತಿಯ 1976-77ರಲ್ಲಿ ಒಂದೇ ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಶನ್. ಬೇಡಿದಾಗ ಕೊಡದೆ, ಬೇಡವೆಂದಾಗ ಹಿಡಿದು ಮಾಡಿದ್ದು.

ಜಿನೀವಾದಲ್ಲಿ ವಿರೋಧಿಸಿದವರ ಪಟ್ಟಿಯಲ್ಲಿ ಬೆಲ್ಜಿಯಂ ಇದೆ, ಇಟಲಿ ಇದೆ. ಐರ್ಲೆಂಡ್ ಎಂಬ ಹೆಸರಿಗೆ ಬಂದಾಗ ನನ್ನ ಕೈ ನಿಂತುಬಿಟ್ಟಿತು.

ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ ಅಲ್ಲಿನ ಗಾಲ್ವೆ ನಗರದಲ್ಲಿದ್ದರು. 2012ರ ಅಕ್ಟೋಬರ್ 21ರಂದು ಹದಿನೇಳು ವಾರದ ಬಸುರಿಯಾಗಿ ಆಸ್ಪತ್ರೆ ಸೇರಿದಾಗ, ಮಗು ಉಳಿಯುವುದಿಲ್ಲ ಎಂಬುದು ವೈದ್ಯರಿಗೂ ಗೊತ್ತಾಯಿತು. ಗರ್ಭ ತೆಗೆಯಿರಿ ಎಂದು ಸವಿತಾ ಕೇಳಿದರು. ಭ್ರೂಣದ ಹೃದಯ ಬಡಿಯುತ್ತಿರುವ ತನಕ ಆಗದು ಎಂದರು. ಇದು ಕ್ಯಾಥೊಲಿಕ್ ದೇಶ ಎಂದು ತಾನು ಹೇಳಿದ್ದು ಹೌದೆಂದು ಅಲ್ಲಿನ ಸೂಲಗಿತ್ತಿಯೊಬ್ಬರು ಸಾವಿನ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅಕ್ಟೋಬರ್ 28ಕ್ಕೆ ಮೈಯೆಲ್ಲ ನಂಜೇರಿ ಸವಿತಾ ತೀರಿಕೊಂಡರು, ಮೂವತ್ತೊಂದು ವರ್ಷ. ತಾಯಿಯ ಜೀವವನ್ನೂ ಭ್ರೂಣದ ಜೀವವನ್ನೂ ಸಮವೆಂದು 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದ ವಿಧಿಯನ್ನು ಆ ದೇಶದ ಜನ 2018ರ ಮೇ 25ರಂದು ಶೇಕಡಾ 66.4 ಮತಗಳಿಂದ ಕಿತ್ತುಹಾಕಿದರು. ಮತದಾನಕ್ಕೆ ಮುಂಚೆ ಬೆಳಗಾವಿಯಿಂದ ಅವರ ತಂದೆ, ನನ್ನ ಮಗಳನ್ನು ನೆನೆದು ಮತ ಹಾಕಿ ಎಂದು ಕೇಳಿಕೊಂಡಿದ್ದರು.

ನನ್ನ ಟಿಪ್ಪಣಿ ಪುಸ್ತಕದಲ್ಲಿ 1952ರ ಪುಟದ ಐರ್ಲೆಂಡಿನ ಎದುರಿಗೆ ‘ಬೆಳಗಾವಿ’ ಎಂದು ಬರೆದಿದ್ದೇನೆ. ಇತಿಹಾಸದ ವಿದ್ಯಾರ್ಥಿಗಳಿಗೆ ನಾನೇ ಹೇಳುವ ಪಾಠ, ಅರವತ್ತು ವರ್ಷ ದೂರದ ಎರಡು ಸಂಗತಿಗಳ ನಡುವೆ ಅವಸರದಲ್ಲಿ ಗೆರೆ ಎಳೆಯಬೇಡಿ ಎಂದು. ಈ ಗೆರೆಯನ್ನು ಎಳೆದೇ ಎಳೆದೆ.

1952ರಲ್ಲಿ ಇಪ್ಪತ್ತರ ಸೊಸೆಯಾಗಿ ಆ ಸರ ಹಿಡಿದವಳಿಗೆ ಈಗ ತೊಂಬತ್ತು ದಾಟಿರುತ್ತದೆ. ಅಂಥ ಒಬ್ಬಳಾದರೂ ರಾಮನಗರದ ಸುತ್ತ ಇದ್ದಾಳು. ಬೆಂಗಳೂರಿನ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಚಾರ್ಮಾಡಿ ಹತ್ತಿಯೇ ಹೋಗುವುದು. ಚೀಲದಲ್ಲಿ ಧ್ವನಿಮುದ್ರಣದ ಪೆಟ್ಟಿಗೆ, ಹಸಿರು ಕೆಂಪು ಮಣಿಯ ಸರ. ಹೊರಡುವಾಗ ಚಿಕ್ಕಮ್ಮ ಬಾಗಿಲ ತನಕ ಬಂದರು.

“ಆ ಅಜ್ಜಿ ಸಿಕ್ಕಿದ್ರೆ ಅದೊಂದು ಕೇಳು ಆಯ್ತಾ, ಕೆಂಪು ಮಣಿಯ ದಿನ ಗಂಡ ಎಂತ ಹೇಳ್ತಿದ್ದ ಅಂತ.”