ಹಾಡುವ ವರ್ಧಕ: ದೂರವಾಣಿ ತಂತಿಯಿಂದ ಸಿಗ್ನಲ್ ಬೂಸ್ಟರ್‌ವರೆಗೆ

ಶಾಲೆಯ ವಾರ್ಷಿಕೋತ್ಸವ. ಮುಖ್ಯ ಅತಿಥಿಗಳು ಮೈಕಿನ ಮುಂದೆ ಬಂದು ನಿಂತಿದ್ದಾರೆ. ಇನ್ನೂ ಒಂದು ಮಾತನ್ನೂ ಆಡಿಲ್ಲ, ಅಷ್ಟರಲ್ಲಿ ಸ್ಪೀಕರು ಕೀಂಯ್ ಎಂದು ಚೀರುತ್ತದೆ. ಮೈಕಿನವನು ಓಡಿ ಬಂದು ಧ್ವನಿ ತಗ್ಗಿಸುತ್ತಾನೆ, ಇಲ್ಲವೇ ಸ್ಪೀಕರಿನ ಮುಖವನ್ನು ಆಚೆ ತಿರುಗಿಸುತ್ತಾನೆ. ಕಾರಣ ನಮಗೆಲ್ಲ ಗೊತ್ತಿರುವುದೇ. ಸ್ಪೀಕರಿನಿಂದ ಹೊರಟ ಶಬ್ದ ಮೈಕನ್ನು ಸೇರಿ, ವರ್ಧನೆಗೊಂಡು, ಮತ್ತೆ ಸ್ಪೀಕರಿನಿಂದ ಹೊರಟು ಸುತ್ತು ಹೊಡೆಯುತ್ತದೆ. ಒಂದು ಸುತ್ತಿನಲ್ಲಿ ಆಗುವ ನಷ್ಟಕ್ಕಿಂತ ವರ್ಧನೆ ಹೆಚ್ಚಾದರೆ, ಯಾರೂ ಮಾತನಾಡದಿದ್ದರೂ ವ್ಯವಸ್ಥೆ ತಾನೇ ಕೂಗಲು ತೊಡಗುತ್ತದೆ.

ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗದವರು ಕೊಳ್ಳಲು ಹೊರಡುವ ‘ಬೂಸ್ಟರ್’ ಎಂಬ ಪೆಟ್ಟಿಗೆಯೂ ಹೀಗೆಯೇ ಕೂಗಬಲ್ಲದು. ಆದರೆ ಆ ಕೂಗು ರೇಡಿಯೊ ಅಲೆಗಳದ್ದು. ನಮ್ಮ ಕಿವಿಗೆ ಕೇಳುವುದಿಲ್ಲ. ದುರ್ಬಲ ಸಂಕೇತವನ್ನು ಹಿಗ್ಗಿಸುವುದು ಎಂದೋ ಸುಲಭವಾಯಿತು. ವರ್ಧಕ ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳದಂತೆ ತಡೆಯುವುದು ಮಾತ್ರ ಶತಮಾನದಿಂದಲೂ ಎಂಜಿನಿಯರುಗಳನ್ನು ಕಾಡಿದೆ.

ಗ್ರಹಾಂ ಬೆಲ್ 1876ರಲ್ಲಿ ದೂರವಾಣಿಯನ್ನು ರೂಪಿಸಿದಾಗ ವರ್ಧಕ ಎಂಬುದೇ ಇರಲಿಲ್ಲ. ತಂತಿಯಲ್ಲಿ ಸಾಗುವ ಸಂಕೇತ ದೂರದೊಂದಿಗೆ ಘಾತೀಯವಾಗಿ ಕ್ಷಯಿಸುತ್ತದೆ. ಪ್ರತಿ 300 ಕಿಲೋಮೀಟರಿಗೆ ಹತ್ತರಲ್ಲೊಂದು ಪಾಲು ಉಳಿಯುತ್ತದೆ ಎಂದಿಟ್ಟುಕೊಳ್ಳಿ. 3,000 ಕಿಲೋಮೀಟರಿನಲ್ಲಿ ಉಳಿಯುವುದು ಸಾವಿರ ಕೋಟಿಯಲ್ಲಿ ಒಂದು ಪಾಲು. ತಂತಿಯ ಉದ್ದಕ್ಕೂ ಪ್ರೇರಕ ಸುರುಳಿಗಳನ್ನು ಸೇರಿಸಿ ಈ ನಷ್ಟವನ್ನು ಕಡಿಮೆ ಮಾಡುವ ವಿಧಾನ 1900ರ ವೇಳೆಗೆ ಬಂದಿತು. ಅದರ ಬಲದಿಂದ 1911ರಲ್ಲಿ ನ್ಯೂಯಾರ್ಕಿನಿಂದ ಡೆನ್ವರ್‌ವರೆಗೆ ಮಾತು ತಲುಪಿತು. ಅದು ಆ ವಿಧಾನದ ಕೊನೆಯ ಮಿತಿ.

ನಡುದಾರಿಯಲ್ಲಿ ಸಂಕೇತಕ್ಕೆ ಹೊಸ ಶಕ್ತಿ ತುಂಬಲು ಮೊದಲು ಯಂತ್ರವನ್ನೇ ನಂಬಿದರು. ಬಂದ ಸಂಕೇತದಿಂದ ಒಂದು ತೆಳು ತಗಡನ್ನು ಕಂಪಿಸಿ, ಆ ಕಂಪನವನ್ನು ಕಾರ್ಬನ್ ಮೈಕಿಗೆ ಜೋಡಿಸುವುದು, ಇಷ್ಟೇ ಉಪಾಯ. 1904ರ ಸುಮಾರಿಗೆ ಅಮೆರಿಕದ ಹರ್ಬರ್ಟ್ ಶ್ರೀವ್ ಇದನ್ನು ಮಾಡಿ ತೋರಿಸಿದ. ಆದರೆ ಇಂಥವನ್ನು ಎರಡು ಮೂರು ಸಾಲಾಗಿ ಜೋಡಿಸಿದರೆ ಮಾತು ವಿಕೃತಗೊಂಡು ಅರ್ಥವಾಗುತ್ತಿರಲಿಲ್ಲ.

ಉತ್ತರ ದೊರೆತದ್ದು ಇಲೆಕ್ಟ್ರಾನಿನಲ್ಲಿ. ಲೀ ಡಿ ಫಾರೆಸ್ಟ್ 1906ರಲ್ಲಿ ರಚಿಸಿದ ‘ಆಡಿಯಾನ್’ ಎಂಬ ಮೂರು ಇಲೆಕ್ಟ್ರೋಡುಗಳ ಬಲ್ಬನ್ನು 1912ರಲ್ಲಿ ಅಮೆರಿಕದ ದೂರವಾಣಿ ಕಂಪನಿ ಎ.ಟಿ. ಅಂಡ್ ಟಿ.ಯ ಎಂಜಿನಿಯರುಗಳ ಮುಂದಿಟ್ಟ. ವೋಲ್ಟೇಜು ಏರಿಸಿದರೆ ಅದರೊಳಗೆ ನೀಲಿ ಮಂಜು ಹೊಳೆದು ಕೆಲಸ ಕೆಡುತ್ತಿತ್ತು. ಒಳಗೆ ಉಳಿದ ಅನಿಲವೇ ಅದಕ್ಕೆ ಕಾರಣವೆಂದು ಭೌತವಿಜ್ಞಾನಿ ಹೆರಾಲ್ಡ್ ಆರ್ನಾಲ್ಡ್ ಗುರುತಿಸಿದ. ಬಲ್ಬನ್ನು ಇನ್ನಷ್ಟು ನಿರ್ವಾತಗೊಳಿಸಿದಾಗ ಅದು ನಂಬಬಹುದಾದ ವರ್ಧಕವಾಯಿತು. (ತನ್ನ ಬಲ್ಬು ಕೆಲಸ ಮಾಡಲು ಅನಿಲ ಬೇಕೆಂದು ಡಿ ಫಾರೆಸ್ಟ್ ನಂಬಿದ್ದ!) 1915ರ ಜನವರಿ 25ರಂದು ಬೆಲ್ ನ್ಯೂಯಾರ್ಕಿನಿಂದ, ಸುಮಾರು 5,400 ಕಿಲೋಮೀಟರ್ ತಂತಿಯ ಆಚೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದ ವಾಟ್ಸನ್‌ನೊಡನೆ ಮಾತನಾಡಿದ. 1876ರಲ್ಲಿ ಪಕ್ಕದ ಕೋಣೆಯಿಂದ ಕರೆದಂತೆಯೇ ಮತ್ತೆ ಕರೆದಾಗ, ಈಗ ಬರಲು ಒಂದು ವಾರ ಬೇಕಾದೀತು ಎಂದು ವಾಟ್ಸನ್ ಉತ್ತರಿಸಿದನಂತೆ. ನಡುವೆ ಪಿಟ್ಸ್‌ಬರ್ಗ್, ಒಮಾಹಾ ಮತ್ತು ಸಾಲ್ಟ್‌ಲೇಕ್ ನಗರಗಳಲ್ಲಿ ವರ್ಧಕಗಳಿದ್ದವು. ಅವುಗಳ ಹೆಸರು ರಿಪೀಟರ್.

ಹಾಡು ಶುರುವಾದದ್ದು ಈ ರಿಪೀಟರುಗಳಲ್ಲಿ. ಒಂದೇ ಜೋಡಿ ತಂತಿಯಲ್ಲಿ ಮಾತು ಎರಡೂ ದಿಕ್ಕಿಗೆ ಹರಿಯುತ್ತದೆ. ವರ್ಧಕ ಒಂದೇ ದಿಕ್ಕಿನದು. ಹಾಗಾಗಿ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಬೇಕು. ಪೂರ್ವದ ವರ್ಧಕ ತಂತಿಗೆ ಹಾಕಿದ ಮಾತನ್ನು ಅಲ್ಲೇ ಪಕ್ಕದಲ್ಲಿರುವ ಪಶ್ಚಿಮದ ವರ್ಧಕ ಹಿಡಿದು ಹಿಂದಕ್ಕೆ ಕಳಿಸುತ್ತದೆ. ಅದನ್ನು ಮತ್ತೆ ಪೂರ್ವದ್ದು ಹಿಡಿಯುತ್ತದೆ. ತಂತಿ ತಾನೇ ಸಿಳ್ಳೆ ಹಾಕತೊಡಗುತ್ತದೆ. ಎಂಜಿನಿಯರುಗಳು ಇದನ್ನು ‘ಹಾಡುವುದು’ ಎಂದೇ ಕರೆದರು. ಇದಕ್ಕೆ ಹುಡುಕಿದ ಉಪಾಯ ತಕ್ಕಡಿಯಂಥದು. ವಿಶೇಷ ಟ್ರಾನ್ಸ್‌ಫಾರ್ಮರಿನ ಒಂದು ಕಡೆಗೆ ನಿಜವಾದ ತಂತಿ, ಇನ್ನೊಂದು ಕಡೆಗೆ ಅದರ ವಿದ್ಯುತ್ ಗುಣಗಳನ್ನು ಅನುಕರಿಸುವ ರೋಧಕ, ಧಾರಕಗಳ ಜಾಲ. ಎರಡೂ ಸರಿತೂಗಿದರೆ ಒಂದು ವರ್ಧಕದ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ಆದರೆ ಬಿಸಿಲು, ಮಳೆಗೆ ತಂತಿಯ ಗುಣ ಬದಲಾಗುತ್ತದೆ, ತಕ್ಕಡಿ ವಾಲುತ್ತದೆ. ಆದ್ದರಿಂದ ಒಂದು ರಿಪೀಟರಿನ ವರ್ಧನೆಯನ್ನು ಮಿತಿಯಲ್ಲೇ ಇಡಬೇಕಾಯಿತು.

ಮುಂದಿನ ತಲೆಮಾರು ಸಮಸ್ಯೆಯನ್ನು ಎದುರಿಸುವ ಬದಲು ತಪ್ಪಿಸಿಕೊಂಡಿತು ಎನ್ನಬಹುದು. ಹೋಗುವ ಮಾತಿಗೂ ಬರುವ ಮಾತಿಗೂ ಬೇರೆ ಬೇರೆ ದಾರಿ ಕೊಡುವುದು ಒಂದು ಮಾರ್ಗ. ಸ್ಕಾಟ್‌ಲೆಂಡ್ ಮತ್ತು ನ್ಯೂಫೌಂಡ್‌ಲೆಂಡ್ ನಡುವೆ 1956ರಲ್ಲಿ ತೆರೆದ ಮೊದಲ ಅಟ್ಲಾಂಟಿಕ್ ದೂರವಾಣಿ ಕೇಬಲ್ ನಿಜಕ್ಕೂ ಎರಡು ಕೇಬಲ್‌ಗಳು, ದಿಕ್ಕಿಗೆ ಒಂದರಂತೆ. ಪ್ರತಿಯೊಂದರಲ್ಲೂ 51 ರಿಪೀಟರುಗಳು ಸಮುದ್ರದ ತಳದಲ್ಲಿದ್ದವು. ಇನ್ನೊಂದು ಮಾರ್ಗ ಆವೃತ್ತಿಯನ್ನೇ ಬದಲಿಸುವುದು. 1951ರಲ್ಲಿ ಅಮೆರಿಕದ ಉದ್ದಗಲಕ್ಕೆ ನಿಂತ 107 ಮೈಕ್ರೋವೇವ್ ಗೋಪುರಗಳು ಬಂದ ಸಂಕೇತವನ್ನು 40 ಮೆಗಾಹರ್ಟ್ಸ್ ಆಚೆಗೆ ಸರಿಸಿ ಮುಂದಕ್ಕೆ ಕಳಿಸುತ್ತಿದ್ದವು. 1962ರ ಟೆಲ್‌ಸ್ಟಾರ್ ಉಪಗ್ರಹ 6 ಗಿಗಾಹರ್ಟ್ಸ್ ಸುಮಾರಿನಲ್ಲಿ ಕೇಳಿ 4 ಗಿಗಾಹರ್ಟ್ಸ್ ಸುಮಾರಿನಲ್ಲಿ ಮಾತನಾಡಿತು. ಕೇಳುವ ಶ್ರುತಿ, ಹಾಡುವ ಶ್ರುತಿ ಬೇರೆಯಾದರೆ ಸುತ್ತು ಕೂಡಿಕೊಳ್ಳುವುದಿಲ್ಲ.

ಇಲ್ಲಿ ರೇಡಿಯೊ ಕೇಳುಗರ ಒಂದು ಪ್ರಸಂಗ ನೆನಪಾಗುತ್ತದೆ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1912ರಲ್ಲಿ ಈ ಸುತ್ತನ್ನೇ ಉಪಯೋಗಕ್ಕೆ ತಿರುಗಿಸಿ, ಒಂದೇ ಬಲ್ಬಿನಿಂದ ಅಪಾರ ವರ್ಧನೆ ಪಡೆದ. 1920ರ ದಶಕದಲ್ಲಿ ಮನೆ ಮನೆಗೆ ಬಂದ ಇಂಥ ಅಗ್ಗದ ರೇಡಿಯೊಗಳ ಗುಂಡಿಯನ್ನು ತುಸು ಹೆಚ್ಚು ತಿರುಗಿಸಿದರೆ ಸಾಕು, ಗ್ರಾಹಕವೇ ಪ್ರೇಷಕವಾಗಿ ನೆರೆಹೊರೆಯ ರೇಡಿಯೊಗಳೆಲ್ಲ ಊಳಿಡುತ್ತಿದ್ದವು. ಬಿಬಿಸಿಯ ಮುಖ್ಯ ಎಂಜಿನಿಯರ್ ಎಕರ್ಸ್ಲಿ ಹಾಗೆ ಮಾಡಬೇಡಿರೆಂದು ಕೇಳುಗರನ್ನು ಬೇಡಿಕೊಳ್ಳಬೇಕಾಯಿತು. ತಪ್ಪು ಮಾಡುತ್ತಿದ್ದವರಿಗೆ ತಾವೇ ಕಾರಣವೆಂದು ಎಷ್ಟೋ ವೇಳೆ ತಿಳಿಯುತ್ತಲೇ ಇರಲಿಲ್ಲ. ಸುತ್ತು ಯಾವಾಗ ಹಾಡುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂಬ ಗಣಿತವನ್ನು ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಬರೆದಿಟ್ಟ.

ಈಗ ಮನೆಯ ಬೂಸ್ಟರಿಗೆ ಬರೋಣ. ಚಾವಣಿಯ ಮೇಲೊಂದು ಆಂಟೆನಾ, ಕೋಣೆಯೊಳಗೊಂದು ಆಂಟೆನಾ, ನಡುವೆ ಎರಡು ವರ್ಧಕಗಳು: ಗೋಪುರದಿಂದ ಫೋನಿಗೆ ಒಂದು, ಫೋನಿನಿಂದ ಗೋಪುರಕ್ಕೆ ಇನ್ನೊಂದು. 900 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಈ ಎರಡು ದಿಕ್ಕುಗಳಿಗೆ ಬೇರೆ ಬೇರೆ ಆವೃತ್ತಿಗಳಿರುವುದರಿಂದ 1915ರ ತಕ್ಕಡಿ ಇಲ್ಲಿ ಬೇಕಿಲ್ಲ, ಸೋಸುಕಗಳೇ ಸಾಕು. ಅರ್ಧ ಸಮಸ್ಯೆ ಬಗೆಹರಿಯಿತು. ಉಳಿದರ್ಧ ಕಠಿಣ. ಗೋಪುರ ಯಾವ ಆವೃತ್ತಿಯಲ್ಲಿ ನುಡಿಯುತ್ತದೋ ಅದರಲ್ಲೇ ಫೋನು ಕೇಳಬೇಕು. ಟೆಲ್‌ಸ್ಟಾರ್‌ನಂತೆ ಶ್ರುತಿ ಬದಲಿಸುವ ಹಾಗಿಲ್ಲ. ಒಳಗಿನ ಆಂಟೆನಾ ಬಿತ್ತರಿಸಿದ್ದು ಚಾವಣಿಯ ಆಂಟೆನಾಕ್ಕೆ ಮರಳದಂತೆ ತಡೆಯಲು ಇರುವುದು ಅಂತರ, ಗೋಡೆ ಮತ್ತು ಆಂಟೆನಾದ ಮುಖ ಮಾತ್ರ.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 900 ಮೆಗಾಹರ್ಟ್ಸ್‌ನಲ್ಲಿ, ಎಲ್ಲ ದಿಕ್ಕಿಗೂ ಸಮನಾಗಿ ಬಿತ್ತರಿಸುವ ಎರಡು ಆಂಟೆನಾಗಳ ನಡುವೆ ಬಯಲಿನಲ್ಲಿ 10 ಮೀಟರಿಗೆ ಆಗುವ ನಷ್ಟ ಸುಮಾರು 51 ಡೆಸಿಬೆಲ್. 3 ಮೀಟರಿಗೆ 41. ಅಂತರವನ್ನು ಇಮ್ಮಡಿ ಮಾಡಿದರೆ ಸಿಗುವುದು ಬರೀ 6 ಡೆಸಿಬೆಲ್. ಬೂಸ್ಟರಿನ ವರ್ಧನೆ 65 ಡೆಸಿಬೆಲ್, ಅಂದರೆ ಸುಮಾರು 30 ಲಕ್ಷ ಪಟ್ಟು, ಎಂದುಕೊಂಡರೆ ಉಳಿದ ತಡೆಯನ್ನೆಲ್ಲ ಕಾಂಕ್ರೀಟ್ ಚಾವಣಿಯೂ ಆಂಟೆನಾದ ದಿಕ್ಕೂ ಕೊಡಬೇಕು. ಹೆಂಚಿನ ಮಾಡು ಅಷ್ಟು ಕೊಟ್ಟೀತೆಂದು ನಂಬುವಂತಿಲ್ಲ.

ಬೂಸ್ಟರ್ ಹಾಡತೊಡಗಿದರೆ ಆ ಗೋಪುರವನ್ನು ಅವಲಂಬಿಸಿದ ಇತರರ ಕರೆಗಳು ಕೆಡುತ್ತವೆ. ಗೋಪುರ ಆಲಿಸುವುದು ಪಿಸುಮಾತನ್ನು: ಒಂದು ವಾಟಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಸಂಕೇತವನ್ನೂ ಅದು ಗ್ರಹಿಸಬೇಕು. ಹಾಡದಿದ್ದರೂ, ಗೋಪುರ ಹತ್ತಿರವಿದ್ದಾಗ ಬೂಸ್ಟರಿನ ಒಳಗಿನ ಉಷ್ಣ ಗೊಂದಲವೇ ವರ್ಧನೆಗೊಂಡು ಆ ಪಿಸುಮಾತನ್ನು ಮುಚ್ಚಿಬಿಡಬಲ್ಲದು. ಒಂದು ಮನೆಯಲ್ಲಿ ಸಿಗ್ನಲ್ ಪಟ್ಟಿಗಳು ತುಂಬಿರುತ್ತವೆ, ಬೀದಿಯವರ ಫೋನು ಕಡಿದುಹೋಗುತ್ತದೆ. ಬಿಬಿಸಿಯ ಕೇಳುಗನಂತೆ ಮನೆಯವರಿಗೆ ಇದರ ಸುಳಿವೂ ಇರುವುದಿಲ್ಲ.

ಅಮೆರಿಕದ ಸಂಪರ್ಕ ಆಯೋಗ 2013ರಲ್ಲಿ ಮಾಡಿದ ನಿಯಮ ಇದೇ ಭೌತವಿಜ್ಞಾನದ ಅನುವಾದ. ಫೋನಿನಿಂದ ಗೋಪುರದ ಕಡೆಗಿನ ವರ್ಧಕ ಆಂದೋಲಿಸಿದರೆ 0.3 ಸೆಕೆಂಡಿನೊಳಗೆ, ಇನ್ನೊಂದು ದಿಕ್ಕಿನದಾದರೆ 1 ಸೆಕೆಂಡಿನೊಳಗೆ ಬೂಸ್ಟರ್ ತಾನೇ ಅದನ್ನು ತಡೆಯಬೇಕು. ಕೊಂಡವರು ಸೇವಾ ಕಂಪನಿಯಲ್ಲಿ ನೋಂದಾಯಿಸಬೇಕು. ನಮ್ಮಲ್ಲಿ ರೇಡಿಯೊ ಉಪಕರಣ ಇಟ್ಟುಕೊಳ್ಳಲು ಅನುಮತಿ ಬೇಕೆಂಬ ಕಾನೂನು 1933ರಷ್ಟು ಹಳೆಯದು; 2023ರ ದೂರಸಂಪರ್ಕ ಕಾಯಿದೆಯೂ ಆ ತತ್ವವನ್ನು ಉಳಿಸಿಕೊಂಡಿದೆ. ಪರವಾನಗಿ ಪಡೆದ ಸೇವಾ ಕಂಪನಿಗಳ ಹೊರತು ಬೇರೆ ಯಾರೂ ಬೂಸ್ಟರ್ ಹೊಂದುವುದು, ಮಾರುವುದು, ಬಳಸುವುದು ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ಸ್ಪಷ್ಟಪಡಿಸಿತು. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕುಳಿತದ್ದನ್ನು ನೆನೆದರೆ ಈ ಮಾತು ಕಟುವೆನಿಸೀತು. ಆ ಮಕ್ಕಳ ಬೇಡಿಕೆ ನ್ಯಾಯವಾದದ್ದೇ, ಆದರೆ ಅದನ್ನು ಪೂರೈಸಬೇಕಾದದ್ದು ಗೋಪುರ. ಹೇಗೂ ಗೋಪುರದ ಅಲೆ ಚಾವಣಿಗೂ ತಲುಪದ ಕಡೆ ಬೂಸ್ಟರಿಗೆ ಹಿಗ್ಗಿಸಲು ಏನೂ ಇರುವುದಿಲ್ಲ.

ಮನೆಗೆ ಬ್ರಾಡ್‌ಬ್ಯಾಂಡ್ ಬಂದಿದ್ದರೆ ದಾರಿ ಬೇರೆ ಇದೆ. 2019ರ ಕೊನೆಯಿಂದ ಭಾರತದಲ್ಲಿ ದೊರೆಯತೊಡಗಿದ ವೈ-ಫೈ ಕರೆಯಲ್ಲಿ ಫೋನು ಗೋಪುರದ ಬದಲು ಮನೆಯ ರೌಟರಿನೊಡನೆ ಮಾತನಾಡುತ್ತದೆ. ಅಲ್ಲಿಂದ ಮಾತು ಕೇಬಲ್ ಹಿಡಿದು ಹೊರಡುತ್ತದೆ. ಫೋನಿನ ಸೆಟ್ಟಿಂಗ್‌ನಲ್ಲಿ ಅದನ್ನು ಒಮ್ಮೆ ಚಾಲೂ ಮಾಡಿದರೆ ಸಾಕು, ಚಾವಣಿಗೆ ಆಂಟೆನಾ ಬೇಕಿಲ್ಲ.