ಬಿಸಿನೀರಿನ ಟಬ್ಬಿಗೆ ಸಾಕ್ಷಿ ಎಲ್ಲಿ?

ಮೂಲವ್ಯಾಧಿಯ ಆಪರೇಷನ್ ಮುಗಿಸಿ ಓಖ್ಲಾದ ಆಸ್ಪತ್ರೆಯಿಂದ ಹೊರಬಂದವರ ಚೀಟಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ದಿನಕ್ಕೆ ಎರಡು ಮೂರು ಬಾರಿ ಉಗುರುಬೆಚ್ಚಗಿನ ನೀರಿನಲ್ಲಿ ಕೂರುವುದು. ಪಿ.ಜಿ. ಕೋಣೆಯಲ್ಲಿರುವವನು ಟಬ್ ಎಲ್ಲಿಂದ ತರಬೇಕು ಎಂಬುದು ಬೇರೆ ಮಾತು. ಈ ಸಲಹೆ ಎಷ್ಟು ಹಳೆಯದು?

ಚರಕ ಸಂಹಿತೆಯಲ್ಲೇ ಇದೆ. ಮೂಲವ್ಯಾಧಿಯ ನೋವಿಗೆ ಬೆಚ್ಚನೆಯ ಕಷಾಯದಲ್ಲಿ ಕೂರಿಸಬೇಕೆಂದು ಅಲ್ಲಿ ಹೇಳಿದೆ. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ವೈದ್ಯ, ಔಷಧ, ರೋಗಿಯ ಜೊತೆ ಪರಿಚಾರಕನಿಗೂ ಚರಕ ಜಾಗ ಕೊಟ್ಟ. ನಮ್ಮ ಆಸ್ಪತ್ರೆಗಳು ಅಷ್ಟು ಗೌರವ ಕೊಡುತ್ತವೆಯೇ ಎಂಬುದು ನನಗೆ ಅನುಮಾನ.

ಲಂಡನ್ನಿನಲ್ಲಿ ಈ ರೋಗಗಳಿಗೆಂದೇ ಫ್ರೆಡರಿಕ್ ಸಾಮನ್ 1835ರಲ್ಲಿ ಆಸ್ಪತ್ರೆ ತೆರೆದ. ಅದೇ ಮುಂದೆ ಸೇಂಟ್ ಮಾರ್ಕ್ಸ್ ಆಯಿತು. 1841ರಲ್ಲಿ ಚಾರ್ಲ್ಸ್ ಡಿಕನ್ಸ್ ಭಗಂದರಕ್ಕೆ ಅವನ ಕತ್ತಿಗೆ ಮೈಯೊಡ್ಡಿದ, ಅರಿವಳಿಕೆ ಇನ್ನೂ ಬಂದಿರಲಿಲ್ಲ. 1937ರಲ್ಲಿ ಅದೇ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ ಪ್ರಕಟಿಸಿದ ವಿಧಾನದಲ್ಲಿ ಗಾಯಕ್ಕೆ ಹೊಲಿಗೆ ಹಾಕುವುದಿಲ್ಲ, ತೆರೆದೇ ಬಿಡುತ್ತಾರೆ. ಹಾಗಾಗಿ ಕತ್ತಿಯ ಕೆಲಸ ಅರ್ಧ ಗಂಟೆಯದಾದರೆ ಆರೈಕೆ ವಾರಗಟ್ಟಲೆ.

ಓಖ್ಲಾ ರಸ್ತೆಯ ಹೋಲಿ ಫ್ಯಾಮಿಲಿ ಆಸ್ಪತ್ರೆ 1953ರದು. ಅದನ್ನು ಕಟ್ಟಿದ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಂಘವನ್ನು ಆಸ್ಟ್ರಿಯಾದ ವೈದ್ಯೆ ಅನ್ನಾ ಡೆಂಗೆಲ್ 1925ರಲ್ಲಿ ಆರಂಭಿಸಿದ್ದಳು. ಸನ್ಯಾಸಿನಿಯರು ಹೆರಿಗೆ ಮಾಡಿಸಲು ರೋಮ್ ಒಪ್ಪಿದ್ದು 1936ರಲ್ಲಷ್ಟೇ. ದೇಹದ ಕೆಲವು ಭಾಗಗಳನ್ನು ನೋಡುವುದೇ ತಪ್ಪೆನ್ನುತ್ತಿದ್ದ ಕಾಲ. ರೋಗಿಯ ನಾಚಿಕೆ ಇಂದಿಗೂ ಹೋಗಿಲ್ಲ. ನರ್ಸ್ ಕೇಳುವವರೆಗೆ ಅವನು ಬಾಯಿಬಿಡುವುದಿಲ್ಲ.

ಪರೀಕ್ಷೆ ಶುರುವಾದದ್ದು ತಡವಾಗಿ. ಬಿಸಿನೀರಿನ ಟಬ್ಬಿಗೆ ಗಟ್ಟಿ ಸಾಕ್ಷ್ಯ ಇಲ್ಲವೆಂದು 2005ರ ಒಂದು ವಿಮರ್ಶೆ ಹೇಳಿತು. ಹಿತವೆನಿಸಿದರೆ ಕೂರಬಹುದು, ಗಾಯ ಬೇಗ ಮಾಯುತ್ತದೆಂದು ಭರವಸೆ ಕೊಡಲಾಗದು. ಗುದದ ಬಳಿಯ ಕೀವುಗಡ್ಡೆಯನ್ನು ಕೊಯ್ದ ಮೇಲೆ ಕುಳಿಗೆ ಬಟ್ಟೆ ತುರುಕುವ ಪದ್ಧತಿ ಇನ್ನೂ ಕ್ರೂರವಾದದ್ದು. ತುರುಕದಿದ್ದರೆ ನೋವು ಕಡಿಮೆ ಎಂದು ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು 2022ರಲ್ಲಿ ತೋರಿಸಿತು. ಎಷ್ಟು ತಲೆಮಾರಿನ ನರ್ಸುಗಳು ದಿನಾ ಆ ಬಟ್ಟೆ ಎಳೆದಿರಬೇಕು!

ಕ್ಷಾರಸೂತ್ರದ ಕಥೆ ಬೇರೆ. ಭಗಂದರಕ್ಕೆ ಔಷಧ ಲೇಪಿಸಿದ ದಾರ ಕಟ್ಟುವ ಈ ಪದ್ಧತಿಗೆ 1960ರ ದಶಕದಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ. ಜೆ. ದೇಶಪಾಂಡೆ ಮರುಜೀವ ಕೊಟ್ಟರು. 1991ರಲ್ಲಿ ಪ್ರಕಟವಾದ ಬಹುಕೇಂದ್ರ ಪ್ರಯೋಗದಲ್ಲಿ ರೋಗ ಮರುಕಳಿಸಿದ್ದು ದಾರ ಕಟ್ಟಿದವರಲ್ಲಿ ಶೇ. 4, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 11. ಆದರೆ ಮಾಯಲು 4 ವಾರದ ಬದಲು 8 ವಾರ ಹಿಡಿಯಿತು. ಓಖ್ಲಾದ ಪಕ್ಕದ ಸರಿತಾ ವಿಹಾರದಲ್ಲಿ 2017ರಲ್ಲಿ ಉದ್ಘಾಟನೆಯಾದ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲೂ ಈ ಚಿಕಿತ್ಸೆ ಇದೆ. ದಾರವನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ಬದಲಿಸಬೇಕು. ಊರಿಂದ ದೂರ ಒಬ್ಬನೇ ಇರುವವನಿಗೆ ಎಂಟು ವಾರದ ರಜೆ ಯಾರು ಕೊಡುತ್ತಾರೆ?

ಪರೀಕ್ಷೆಯಲ್ಲಿ ಉಳಿದದ್ದು ಸರಳ ಸಂಗತಿಗಳು: ಮಲ ಮೆತ್ತಗಿರಲು ನಾರಿನಂಶ, ನೀರು, ವೈದ್ಯರು ಬರೆದ ಭೇದಿ ಔಷಧ, ನೋವು ಏರುವ ಮೊದಲೇ ಮಾತ್ರೆ. ಬೆನ್ನಿಗೆ ಅರಿವಳಿಕೆ ಕೊಟ್ಟ ದಿನ ನರ್ಸ್ ಮತ್ತೆ ಮತ್ತೆ "ಮೂತ್ರ ಹೋಯಿತಾ?" ಎಂದು ಕೇಳುವುದು ಸುಮ್ಮನೆ ಅಲ್ಲ, ಅದು ಕಟ್ಟುವುದುಂಟು. ಮನೆಗೆ ಬಂದ ಮೇಲೂ ಮೂತ್ರ ಕಟ್ಟಿದರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಓಡಬೇಕು, ರಾತ್ರಿಯಾಗಿದ್ದರೂ.